ಚೆಸ್‌ನಲ್ಲಿ ಸಣ್ಣ ತಪ್ಪು ಮತ್ತು ಸದ್ದಿಲ್ಲದ ನಡೆ: ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳುವುದು ಹೇಗೆ?

2013ರ ನವೆಂಬರ್ 21. ಚೆನ್ನೈನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 9ನೇ ಆಟ. ವಿಶ್ವನಾಥನ್ ಆನಂದ್ ಅವರದು ಬಿಳಿ, ಮ್ಯಾಗ್ನಸ್ ಕಾರ್ಲ್‌ಸನ್ ಅವರದು ಕಪ್ಪು. ಆನಂದ್ 3–5ರಿಂದ ಹಿಂದಿದ್ದರು, ಗೆಲ್ಲಲೇಬೇಕಿತ್ತು. ಅವರ ರಾಣಿ ಕಪ್ಪು ರಾಜನ ಬಾಗಿಲಿಗೇ ಬಂದು ಎಚ್6 ಮನೆಯಲ್ಲಿ ಕೂತಿತ್ತು (ಮನೆಗಳ ಹೆಸರನ್ನು ಸ್ವಲ್ಪ ಕೆಳಗೆ ವಿವರಿಸಿದ್ದೇನೆ). ಎಫ್6ರಲ್ಲಿ ಅವರ ಒಂದು ಪಾನ್, ಅಂದರೆ ಕಾಲಾಳು, ಗಟ್ಟಿಯಾಗಿ ನಿಂತಿತ್ತು. ಎಫ್4ರಲ್ಲಿದ್ದ ಆನೆ ಎಚ್4ಕ್ಕೆ ಬಂದುಬಿಟ್ಟರೆ ಎಚ್7ರಲ್ಲಿ ಮೇಟ್, ಅಂದರೆ ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದೆ ಆಟ ಮುಗಿಯುತ್ತದೆ.

ಅಷ್ಟರಲ್ಲಿ ಕಾರ್ಲ್‌ಸನ್ ತಮ್ಮ ಬಿ ಸಾಲಿನ ಪಾನ್ ಅನ್ನು ಕೊನೆಯ ಮನೆಗೆ ಮುಟ್ಟಿಸಿ ಹೊಸ ರಾಣಿ ಮಾಡಿಕೊಂಡರು. ಜೊತೆಗೆ ಚೆಕ್, ಅಂದರೆ ಬಿಳಿ ರಾಜನ ಮೇಲೆ ನೇರ ದಾಳಿ. ಆನಂದ್ ಎಫ್1 ಮನೆಯಲ್ಲಿ ಏನಾದರೂ ಅಡ್ಡ ಇಡಬೇಕು. ಒಂಟೆ ಇಡಬಹುದು, ಕುದುರೆ ಇಡಬಹುದು. ಅವರು ಕುದುರೆ ಇಟ್ಟರು.

ಕಾರ್ಲ್‌ಸನ್ ಹೊಸ ರಾಣಿಯನ್ನು ಇ1ಕ್ಕೆ ಸರಿಸಿದರು. ಅದು ಚೆಕ್ ಅಲ್ಲ. ಯಾವ ಕಾಯಿಯನ್ನೂ ತಿನ್ನಲಿಲ್ಲ. ಸದ್ದಿಲ್ಲದ ನಡೆ ಎಂದರೆ ಇಂಥದ್ದು. ಆನಂದ್ ಅಲ್ಲೇ ಸೋಲೊಪ್ಪಿಕೊಂಡರು.

ಆ ಕುದುರೆ ಅಲ್ಲಿಯವರೆಗೆ ಜಿ3ರಲ್ಲಿತ್ತು. ಇ1ರಿಂದ ಎಫ್2, ಜಿ3, ಎಚ್4 ಎಂದು ಹೋಗುವ ಓರೆ ದಾರಿಯ ನಡುವೆ ಕೂತಿತ್ತು. ಅದು ಎಫ್1ಕ್ಕೆ ಹೋದ ಕೂಡಲೇ ದಾರಿ ಖಾಲಿಯಾಯಿತು. ಇ1ಕ್ಕೆ ಬಂದ ರಾಣಿ ಅಲ್ಲಿಂದಲೇ ಎಚ್4 ಮನೆಯನ್ನು ಕಾಯತೊಡಗಿತು. ಇನ್ನು ಬಿಳಿ ಆನೆ ಎಚ್4ಕ್ಕೆ ಬಂದರೆ ಅದನ್ನು ತಿನ್ನಬಹುದು. ದಾಳಿ ಮುಗಿಯಿತು. ಒಂಟೆಯನ್ನು ಅಡ್ಡ ಇಟ್ಟಿದ್ದರೆ ಕುದುರೆ ಜಿ3ರಲ್ಲೇ ಇರುತ್ತಿತ್ತು, ದಾರಿ ಮುಚ್ಚಿರುತ್ತಿತ್ತು, ಆಟ ಮುಂದುವರಿಯುತ್ತಿತ್ತು.

ಸಂಜೆ ಹೊತ್ತು ನಮ್ಮ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಆರಂಭದ ಪಾಠಗಳು ಮುಗಿದ ಮೇಲೆ ನಾನು ಮೊದಲು ತೋರಿಸುವುದು ಈ ಎರಡು ನಡೆಗಳನ್ನೇ. ಕಾಯಿ ಎಲ್ಲಿಗೆ ಹೋಯಿತು ಎಂದು ಎಲ್ಲರೂ ನೋಡುತ್ತಾರೆ. ಯಾವ ಕೆಲಸ ಬಿಟ್ಟು ಹೋಯಿತು ಎಂದು ನೋಡುವವರು ಕಡಿಮೆ. ಬೋರ್ಡಿನ ಮೇಲೆ ಸುಮ್ಮನೆ ನಿಂತ ಕಾಯಿಗೂ ಒಂದು ಕೆಲಸ ಇರುತ್ತದೆ. ಒಂದು ದಾರಿ ಮುಚ್ಚಿರುತ್ತದೆ, ಒಂದು ಮನೆ ಕಾಯುತ್ತಿರುತ್ತದೆ, ಇನ್ನೊಂದು ಕಾಯಿಗೆ ಬೆನ್ನಾಗಿ ನಿಂತಿರುತ್ತದೆ. ನಮ್ಮ ಆಟಗಳಲ್ಲಿ ಸೋಲು ತರುವ ಸಣ್ಣ ತಪ್ಪುಗಳಲ್ಲಿ ಹೆಚ್ಚಿನವು ಆ ಕೆಲಸವನ್ನು ಮರೆತು ಕಾಯಿ ಎತ್ತಿದ್ದರಿಂದ ಆಗುವಂಥವು. ಸದ್ದಿಲ್ಲದ ಒಳ್ಳೆಯ ನಡೆಗಳೂ ಅಲ್ಲಿಂದಲೇ ಹುಟ್ಟುತ್ತವೆ. ಕೆಲಸವಿಲ್ಲದ ಕಾಯಿಗೆ ಕೆಲಸ ಕೊಡುವುದು, ಎದುರಾಳಿಯ ಕಾಯಿಯ ಕೆಲಸ ಕಿತ್ತುಕೊಳ್ಳುವುದು, ಅಷ್ಟೇ.

ಓದುವಾಗ ಬೋರ್ಡ್ ಪಕ್ಕದಲ್ಲಿರಲಿ. ನಿಂತ ಸಾಲುಗಳಿಗೆ ಬಿಳಿಯ ಎಡಗಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. ಮೂಲೆಯಿಂದ ಹೊರಟು ನೇರ ಹೋಗುವುದು ಆನೆ, ಓರೆ ಹೋಗುವುದು ಒಂಟೆ. ಕಾಲಾಳನ್ನು ಪಾನ್ ಎಂದೇ ಬರೆದಿದ್ದೇನೆ.

ಹಂತ 1: ಕಾಯಿ ಬಿಟ್ಟು ಬಂದ ಮನೆಯನ್ನು ನೋಡಿ

ಎದುರಾಳಿ ಒಂದು ನಡೆ ಆಡಿದ ಕೂಡಲೇ ನಮ್ಮ ಕಣ್ಣು ಕಾಯಿ ಬಂದು ಕೂತ ಮನೆಗೆ ಹೋಗುತ್ತದೆ. ‘ಇದರಿಂದ ನನಗೇನು ಅಪಾಯ?’ ಎಂದು ಕೇಳಿಕೊಳ್ಳುತ್ತೇವೆ. ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಅದಾದ ಮೇಲೆ ಕಣ್ಣನ್ನು ಬೇಕೆಂದೇ ಹಿಂದಕ್ಕೆ ತನ್ನಿ. ಆ ಕಾಯಿ ಎಲ್ಲಿಂದ ಎದ್ದು ಬಂತೋ ಆ ಖಾಲಿ ಮನೆಯನ್ನು ನೋಡಿ. ಮನಸ್ಸಿನಲ್ಲೇ ಮೂರು ಪ್ರಶ್ನೆ ಕೇಳಿ.

ಈ ಮನೆ ಖಾಲಿಯಾದ್ದರಿಂದ ಯಾವ ದಾರಿ ತೆರೆಯಿತು? ನೇರ, ಅಡ್ಡ, ಓರೆ ಮೂರನ್ನೂ ನೋಡಿ.

ಆ ಕಾಯಿ ಇಷ್ಟು ಹೊತ್ತು ಯಾವ ಮನೆಗಳನ್ನು ಕಾಯುತ್ತಿತ್ತು? ಈಗ ಅವುಗಳಲ್ಲಿ ಯಾವುದು ಕಾವಲಿಲ್ಲದೆ ಉಳಿಯಿತು?

ಅದರ ಬೆನ್ನ ಬಲದಲ್ಲಿ ನಿಂತಿದ್ದ ಕಾಯಿ ಯಾವುದು?

ಚೆನ್ನೈ ಆಟಕ್ಕೆ ಮೊದಲ ಪ್ರಶ್ನೆ ಒಂದೇ ಸಾಕಿತ್ತು. ಎರಡನೆಯದಕ್ಕೆ ನನ್ನದೇ ಆಟ ಹೇಳುತ್ತೇನೆ. ಒಂದು ಭಾನುವಾರದ ರ್‍ಯಾಪಿಡ್ ಟೂರ್ನಿ, ಕೊನೆಯ ಸುತ್ತು. ನಾನು ಒಂದು ಪಾನ್ ಮುಂದಿದ್ದೆ. ನನ್ನ ರಾಜ ಜಿ1ರಲ್ಲಿ, ಆನೆ ಇ1ರಲ್ಲಿ. ಎದುರಾಳಿಯ ಕುದುರೆ ಇ5ರಲ್ಲಿ. ರಾಜನಿಗೆ ಸ್ವಲ್ಪ ಗಾಳಿ ಬೇಕು ಅನ್ನಿಸಿ ಜಿ2ರ ಪಾನ್ ಅನ್ನು ಜಿ3ಕ್ಕೆ ಒಂದೇ ಮನೆ ತಳ್ಳಿದೆ. ಕುದುರೆ ಎಫ್3ಕ್ಕೆ ಜಿಗಿದು ರಾಜನಿಗೂ ಆನೆಗೂ ಒಟ್ಟಿಗೆ ಗುರಿ ಇಟ್ಟಿತು. ಪಾನ್ ಜಿ2ರಲ್ಲೇ ಇದ್ದಿದ್ದರೆ ಎಫ್3ಕ್ಕೆ ಬಂದ ಕುದುರೆಯನ್ನು ಅದೇ ತಿನ್ನುತ್ತಿತ್ತು. ಆ ಪಾನ್ ಕಾವಲು ಕಾಯುತ್ತಿದೆ ಎಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಆನೆ ಹೋಯಿತು, ಆಟ ಹೋಯಿತು. ಮನೆಗೆ ಬರುವ ಬಸ್ಸಿನಲ್ಲಿ ಪೂರ್ತಿ ದಾರಿ ಆ ಒಂದು ಮನೆಯನ್ನೇ ನೆನೆದಿದ್ದೇನೆ.

ಗದ್ದೆಯ ಬದು ಒಡೆಯುವುದು ಏಡಿ ಕೊರೆದ ತೂತಿನಿಂದ. ತೂತು ಬಿದ್ದ ದಿನ ನೀರು ಅಲ್ಲಿಯೇ ನಿಂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಜಿ3 ಅಂಥ ನಡೆ.

ಮೊದಲ ಎರಡು ವಾರ ಈ ಮೂರು ಪ್ರಶ್ನೆಗಳನ್ನು ನಿಧಾನದ ಆಟಗಳಲ್ಲಿ ಮಾತ್ರ ಅಭ್ಯಾಸ ಮಾಡಿ. ಕಡಿಮೆ ಅಂದರೂ ಒಬ್ಬೊಬ್ಬರಿಗೆ 15 ನಿಮಿಷ ಇರಲಿ. ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಈ ಅಭ್ಯಾಸ ಕೂರುವುದಿಲ್ಲ.

ಹಂತ 2: ನಿಮ್ಮ ಕೈ ಕಾಯಿ ಮುಟ್ಟುವ ಮೊದಲು

ಅದೇ ಮೂರು ಪ್ರಶ್ನೆಗಳನ್ನು ಈಗ ನಿಮ್ಮ ನಡೆಗೇ ಕೇಳಿ. ಟೂರ್ನಿಯಲ್ಲಿ ಮುಟ್ಟಿದ ಕಾಯಿಯನ್ನೇ ಆಡಬೇಕು, ಅದು ನಿಯಮ. ಹಾಗಾಗಿ ಯೋಚನೆ ಎಲ್ಲ ಮುಟ್ಟುವ ಮೊದಲೇ ಮುಗಿಯಬೇಕು. ಮೊದಲು ನಡೆಯನ್ನು ಹಾಳೆಯಲ್ಲಿ ಬರೆದು ಆಮೇಲೆ ಆಡಿ ಎಂದು ಹಳೆಯ ಕಾಲದವರು ಹೇಳುತ್ತಿದ್ದರು. ವಿಶ್ವ ಚೆಸ್ ಸಂಸ್ಥೆ ಫಿಡೆಯ ಈಗಿನ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಅದರ ಬದಲು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ನಡೆ ತೀರ್ಮಾನವಾದ ಮೇಲೆ ಒಮ್ಮೆ ಬೋರ್ಡಿನಿಂದ ಕಣ್ಣು ತೆಗೆಯಿರಿ, ಮತ್ತೆ ಹೊಸದಾಗಿ ನೋಡಿ. ಈಗ ತಾನೇ ಕೋಣೆಗೆ ಬಂದವರ ಹಾಗೆ ನೋಡಿ. ಎದುರಾಳಿಗೆ ಯಾವ ಚೆಕ್ ಇದೆ, ಏನು ತಿನ್ನಬಹುದು, ಅಷ್ಟು ನೋಡಿಕೊಂಡು ಕೈ ಎತ್ತಿ.

ಇದು ಕಲಿಯುವವರಿಗೆ ಮಾತ್ರ ಬೇಕಾದ ಪಾಠ ಎಂದುಕೊಳ್ಳಬೇಡಿ. 1956ರಲ್ಲಿ ಆಮ್ಸ್ಟರ್‌ಡಾಮ್‌ನ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಿ) ಟಿಗ್ರಾನ್ ಪೆಟ್ರೋಸಿಯನ್ ಅವರು ಡೇವಿಡ್ ಬ್ರಾನ್‌ಸ್ಟೀನ್ ಅವರ ಕಾಯಿಗಳನ್ನು ಉಸಿರಾಡದಂತೆ ಹಿಡಿದಿದ್ದರು. ಕಪ್ಪಿಗೆ ಕುದುರೆಯನ್ನು ಅತ್ತಿತ್ತ ಆಡಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆ ಕುದುರೆ ಎಫ್5ಕ್ಕೆ ಬಂತು, ಡಿ6ರಲ್ಲಿದ್ದ ಬಿಳಿ ರಾಣಿಗೆ ಗುರಿ ಇಟ್ಟಿತು. ಪೆಟ್ರೋಸಿಯನ್ ತಮ್ಮ 36ನೇ ನಡೆಯಲ್ಲಿ ಇನ್ನೊಂದು ಕಡೆ ಕುದುರೆ ಆಡಿದರು. ರಾಣಿ ಹೋಯಿತು. ಜಗತ್ತಿನಲ್ಲೇ ಅತಿ ಜಾಗ್ರತೆಯಿಂದ ಆಡುವವರು ಎಂದು ಹೆಸರಾಗಿದ್ದವರು ಅವರು. ಗೆಲ್ಲುತ್ತಿರುವಾಗ ಎದುರಾಳಿಯ ನಡೆಗಳನ್ನು ಓದುವುದು ನಿಂತುಬಿಡುತ್ತದೆ. ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು ಇಷ್ಟು: ನೀವು ಮುಂದಿದ್ದಾಗ ಈ ಹಂತಕ್ಕೆ ಎರಡು ಪಟ್ಟು ಸಮಯ ಕೊಡಿ.

ಹಂತ 3: ಎದುರಾಳಿಯೂ ತಪ್ಪುತ್ತಾನೆ ಎಂದು ನಂಬಿ

2014ರ ನವೆಂಬರ್ 15, ಸೋಚಿ. ಮತ್ತೆ ಆನಂದ್ ಮತ್ತು ಕಾರ್ಲ್‌ಸನ್, ವಿಶ್ವ ಚಾಂಪಿಯನ್‌ಷಿಪ್‌ನ 6ನೇ ಆಟ, ಅಲ್ಲಿಯವರೆಗೆ ಸಮಸಮ. ಬಿಳಿ ಆಡುತ್ತಿದ್ದ ಕಾರ್ಲ್‌ಸನ್ ತಮ್ಮ ರಾಜನನ್ನು ಡಿ2ಕ್ಕೆ ಸರಿಸಿದರು. ನೋಡಲು ಏನೂ ಇಲ್ಲದ ನಡೆ. ಆದರೆ ಕಪ್ಪು ಕುದುರೆ ಇ5ರ ಪಾನ್ ತಿನ್ನಬಹುದಿತ್ತು. ಬಿಳಿ ಆನೆ ಜಿ8ರ ಆನೆಯನ್ನು ತಿಂದರೆ, ಕುದುರೆ ಸಿ4ರ ಪಾನ್ ತಿಂದು ಡಿ2ರ ರಾಜನಿಗೆ ಚೆಕ್ ಕೊಡುತ್ತದೆ. ಮುಂದಿನ ನಡೆಯಲ್ಲಿ ಇನ್ನೊಂದು ಚೆಕ್ ಕೊಟ್ಟು ಜಾಗ ಬಿಡುತ್ತದೆ. ಆಮೇಲೆ ನಿಧಾನವಾಗಿ ಜಿ8ರ ಆನೆಯನ್ನು ವಾಪಸ್ ತಿನ್ನಬಹುದು. ಎರಡು ಪಾನ್ ಲಾಭ. ರಾಜ ಡಿ2ಕ್ಕೆ ಬಾರದೇ ಇದ್ದಿದ್ದರೆ ಸಿ4ರಲ್ಲಿ ಆ ಚೆಕ್ ಇರುತ್ತಿರಲಿಲ್ಲ.

ಆನಂದ್ ಎ ಸಾಲಿನ ಪಾನ್ ಮುಂದೆ ತಳ್ಳಿದರು. ಅವಕಾಶ ಹೋಯಿತು. ಕೊನೆಗೆ ಆ ಆಟ ಕಾರ್ಲ್‌ಸನ್ ಪಾಲಾಯಿತು.

ಎದುರಿಗೆ ದೊಡ್ಡ ಆಟಗಾರ ಕೂತಿದ್ದಾಗ ನಮ್ಮ ಲೆಕ್ಕ ಸದ್ದಿಲ್ಲದೆ ಕಡಿಮೆಯಾಗುತ್ತದೆ. ‘ಅವರು ನೋಡಿಯೇ ಆಡಿರುತ್ತಾರೆ’ ಅಂದುಕೊಳ್ಳುತ್ತೇವೆ. ನಿಮಗಿಂತ 300 ರೇಟಿಂಗ್ ಹೆಚ್ಚಿರುವವರ ಜೊತೆ ಆಡುವಾಗಲೂ ಹಂತ 1ರ ಪ್ರಶ್ನೆಗಳನ್ನು ಒಂದೂ ಬಿಡದೆ ಕೇಳಿ. ಮುಖ್ಯವಾಗಿ ರಾಜ ಸರಿದಾಗ. ರಾಜ ಹೊಸ ಮನೆಗೆ ಬಂದ ಅಂದರೆ ಮೊದಲು ಇರದಿದ್ದ ಚೆಕ್‌ಗಳು ಹುಟ್ಟಿರುತ್ತವೆ.

ಹಂತ 4: ಪಾನ್ ತಳ್ಳುವುದಕ್ಕೆ ಬೇರೆ ಲೆಕ್ಕ

ಕುದುರೆ ತಪ್ಪು ಮನೆಗೆ ಹೋದರೆ ವಾಪಸ್ ಬರುತ್ತದೆ. ಪಾನ್ ಬರುವುದಿಲ್ಲ. ಅದು ಬಿಟ್ಟ ಮನೆ ಬಿಟ್ಟದ್ದೇ. ಕ್ಯಾಸಲಿಂಗ್ ಆದ (ಆನೆಯ ಜೊತೆ ಒಂದೇ ನಡೆಯಲ್ಲಿ ಮೂಲೆಯ ಕಡೆಗೆ ಸರಿದ) ರಾಜನ ಮುಂದೆ ಎಫ್, ಜಿ, ಎಚ್ ಸಾಲುಗಳ ಮೂರು ಪಾನ್ ಕದಲದೆ ಇದ್ದರೆ ದಾಳಿ ಮಾಡುವವನಿಗೆ ತುಂಬಾ ನಡೆ ಬೇಕಾಗುತ್ತದೆ. ಕಪ್ಪು ಭಯದಿಂದ ಎಚ್7ರ ಪಾನ್ ಅನ್ನು ಎಚ್6ಕ್ಕೆ ತಳ್ಳಿದ ಅಂದುಕೊಳ್ಳಿ. ಬಿಳಿಯ ಜಿ ಸಾಲಿನ ಪಾನ್ ಜಿ4, ಜಿ5 ಎಂದು ಓಡಿ ಬಂದು ಅದಕ್ಕೆ ಕೊಕ್ಕೆ ಹಾಕುತ್ತದೆ. ಒಂದು ಪಾನ್ ತಿಂದುಹಾಕಿದರೆ ಸಾಲು ತೆರೆದೇಬಿಡುತ್ತದೆ.

ಹಾಗಂತ ಪಾನ್ ಅಲ್ಲಾಡಿಸಲೇಬಾರದು ಅಂತಲ್ಲ. ರಾಜ ಜಿ1ರಲ್ಲಿ, ಮುಂದೆ ಮೂರು ಪಾನ್, ಹಿಂದಿನ ಸಾಲು ಕಾಯಲು ಯಾರೂ ಇಲ್ಲ ಎಂದರೆ ಎದುರಾಳಿಯ ಆನೆ ಇಳಿದು ಬಂದು ಮೇಟ್ ಆಗುತ್ತದೆ. ಆಗ ಎಚ್3 ಜೀವ ಉಳಿಸುವ ನಡೆ. ಅದೇ ಎಚ್3, ಒಂದು ಕಡೆ ಔಷಧಿ, ಇನ್ನೊಂದು ಕಡೆ ಗಾಯ. ನಾನು ಪಾಲಿಸುವ ಕಟ್ಟುಪಾಡು ಒಂದಿದೆ. ರಾಜನ ಮುಂದಿನ ಪಾನ್ ತಳ್ಳುವ ಮೊದಲು ಕಾರಣವನ್ನು ಒಂದು ಪೂರ್ತಿ ವಾಕ್ಯದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ‘ಎದುರಾಳಿಯ ಆನೆ ಡಿ1ಕ್ಕೆ ಇಳಿದರೆ ರಾಜನಿಗೆ ಎಚ್2 ಬೇಕು’ ಎಂಬುದು ಕಾರಣ. ‘ಇರಲಿ ಅಂತ’ ಎಂಬುದು ಕಾರಣವಲ್ಲ.

ಹಂತ 5: ಸದ್ದಿಲ್ಲದ ನಡೆ ಹುಡುಕುವುದು

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಸದ್ದಿಲ್ಲದ ನಡೆ ಬೇರೆ, ಸುಮ್ನೆ ಆಡಿದ ನಡೆ ಬೇರೆ. ಬೋರ್ಡಿನಲ್ಲಿ ಇದನ್ನು ಆಡಿ ನೋಡಿ. ಬಿಳಿ ಪಾನ್ ಇ4, ಕಪ್ಪು ಪಾನ್ ಇ5. ಬಿಳಿ ಕುದುರೆ ಎಫ್3, ಕಪ್ಪು ಪಾನ್ ಡಿ6. ಬಿಳಿ ಒಂಟೆ ಸಿ4, ಕಪ್ಪು ಒಂಟೆ ಜಿ4. ಬಿಳಿ ಇನ್ನೊಂದು ಕುದುರೆ ಸಿ3. ಈಗ ಕಪ್ಪು ಜಿ7ರ ಪಾನ್ ಅನ್ನು ಜಿ6ಕ್ಕೆ ತಳ್ಳುತ್ತದೆ. ಸುಮ್ನೆ ಆಡಿದ ನಡೆ. ಬಿಳಿ ಕುದುರೆ ರಾಣಿಯನ್ನೇ ಬಿಟ್ಟು ಇ5ರ ಪಾನ್ ತಿನ್ನುತ್ತದೆ! ಕಪ್ಪು ಒಂಟೆ ಡಿ1ರ ರಾಣಿ ತಿಂದರೆ ಬಿಳಿ ಒಂಟೆ ಎಫ್7ರಲ್ಲಿ ಚೆಕ್, ರಾಜ ಇ7, ಕುದುರೆ ಡಿ5. ಮೇಟ್. ಜಿ6 ಬದಲು ಕಪ್ಪು ಕುದುರೆ ಸಿ6ಕ್ಕೆ ಬಂದಿದ್ದರೆ? ಅದೂ ನೋಡಲು ಶಾಂತ ನಡೆಯೇ. ಆದರೆ ಅದು ಇ5 ಮನೆಯನ್ನು ಕಾಯುತ್ತದೆ. ಇ5ಕ್ಕೆ ಬಂದ ಬಿಳಿ ಕುದುರೆಯನ್ನು ತಿಂದು, ಅಲ್ಲಿಂದಲೇ ಜಿ4ರ ತನ್ನ ಒಂಟೆಗೂ ಬಲ ಕೊಡುತ್ತದೆ. ಇಡೀ ತಂತ್ರ ಮುರಿದುಬೀಳುತ್ತದೆ. ಕಣ್ಣಿಗೆ ಎರಡೂ ನಡೆ ಒಂದೇ ಥರ ಶಾಂತ. ಒಂದಕ್ಕೆ ಕೆಲಸವಿದೆ, ಇನ್ನೊಂದಕ್ಕೆ ಇಲ್ಲ.

ಹಾಗಾದರೆ ಕೆಲಸವಿರುವ ನಡೆ ಹುಡುಕುವುದು ಹೇಗೆ? ಚೆಕ್, ತಿನ್ನುವುದು, ನೇರ ಬೆದರಿಕೆ ಮೂರನ್ನೂ ನೋಡಿದಿರಿ, ಏನೂ ಸಿಗಲಿಲ್ಲ. ಹೆಚ್ಚಿನವರು ಇಲ್ಲಿ ಬೇಸರಪಟ್ಟು ಯಾವುದೋ ಪಾನ್ ತಳ್ಳಿಬಿಡುತ್ತಾರೆ. ಆಟ ಶುರುವಾಗುವುದೇ ಇಲ್ಲಿಂದ.

ಮೊದಲು ನಿಮ್ಮ ಕಾಯಿಗಳನ್ನು ಒಂದೊಂದಾಗಿ ನೋಡಿ. ಯಾವುದು ಕೆಲಸವಿಲ್ಲದೆ ಕೂತಿದೆ? 1991ರಲ್ಲಿ ಟಿಲ್‌ಬರ್ಗ್‌ನಲ್ಲಿ ನೈಜೆಲ್ ಶಾರ್ಟ್ ಅವರು ಯಾನ್ ಟಿಮ್ಮನ್ ಎದುರು ಹೀಗೆ ನೋಡಿದಾಗ ಕೆಲಸವಿಲ್ಲದೆ ಕಂಡದ್ದು ಅವರ ರಾಜ! ರಾಣಿ ಎಫ್6ರಲ್ಲಿ ಕಪ್ಪು ರಾಜನನ್ನು ಹಿಡಿದಿಟ್ಟಿತ್ತು. ಮೇಟ್ ಮಾಡಲು ಇನ್ನೊಂದು ಕಾಯಿ ಬೇಕಿತ್ತು. 31ನೇ ನಡೆಯಲ್ಲಿ ರಾಜ ಎಚ್2ಕ್ಕೆ ಹೋದ. ಆಮೇಲೆ ಜಿ3, ಎಫ್4, ಜಿ5. ಬೋರ್ಡ್ ತುಂಬ ಕಾಯಿಗಳಿರುವಾಗಲೇ ರಾಜ ಒಬ್ಬನೇ ನಡೆದುಕೊಂಡು ಹೋದ. ಮುಂದೆ ಎಚ್6ಕ್ಕೆ ಹೋಗಿ ನಿಂತರೆ ಜಿ7ರಲ್ಲಿ ರಾಣಿ ಮೇಟ್ ಮಾಡುತ್ತದೆ. 34ನೇ ನಡೆಗೆ ಟಿಮ್ಮನ್ ಸೋಲೊಪ್ಪಿಕೊಂಡರು. ಆ ನಾಲ್ಕು ನಡೆಗಳಲ್ಲಿ ಒಂದೂ ಚೆಕ್ ಇಲ್ಲ, ತಿನ್ನುವುದೂ ಇಲ್ಲ. ಕಪ್ಪಿನ ಕಾಯಿಗಳು ತಮ್ಮ ತಮ್ಮ ಕಾವಲಿಗೆ ಕಟ್ಟುಬಿದ್ದಿದ್ದವು, ಅಲ್ಲಾಡುವಂತಿರಲಿಲ್ಲ. ಅದನ್ನು ಖಚಿತ ಮಾಡಿಕೊಂಡ ಮೇಲೆಯೇ ರಾಜ ಹೊರಟದ್ದು ಎಂಬುದನ್ನು ಮರೆಯಬೇಡಿ.

ಎರಡನೆಯದು, ಎದುರಾಳಿಗೆ ಏನು ಬೇಕಾಗಿದೆ? ನಿಮ್ಮ ಸರದಿಯನ್ನು ಬಿಟ್ಟುಕೊಟ್ಟರೆ ಅವರು ಏನು ಆಡುತ್ತಾರೆ? ಅದನ್ನು ತಡೆಯುವ ನಡೆ ಹುಡುಕಿ. 1974ರ ನೀಸ್ ಒಲಿಂಪಿಯಾಡ್‌ನಲ್ಲಿ ಅನಾಟೊಲಿ ಕಾರ್ಪೋವ್ ಅವರು ವುಲ್ಫ್‌ಗ್ಯಾಂಗ್ ಉನ್ಜಿಕರ್ ವಿರುದ್ಧ ಆಡಿದ 24ನೇ ನಡೆ ಇದಕ್ಕೆ ಎಷ್ಟು ಸಲ ತೋರಿಸಿದರೂ ನನಗೆ ಸಾಕಾಗುವುದಿಲ್ಲ. ಎ ಸಾಲು ಪೂರ್ತಿ ತೆರೆದಿತ್ತು. ಕಪ್ಪಿಗೆ ಆ ಸಾಲಿನಲ್ಲಿ ಆನೆಗಳನ್ನು ಬದಲಾಯಿಸಿಕೊಂಡು ಹಗುರಾಗಬೇಕಿತ್ತು. ಕಾರ್ಪೋವ್ ಒಂಟೆಯನ್ನು ಎ7ಕ್ಕೆ ತಂದು ಸಾಲಿನ ನಡುವೆಯೇ ಕೂರಿಸಿದರು. ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಆ ಅಗಳಿ ಬಿಳಿಯ ಕೈಯಲ್ಲಿತ್ತು. ಒಂಟೆಯ ಹಿಂದೆ ಬಿಳಿ ಆನೆಗಳು ನೆಮ್ಮದಿಯಾಗಿ ಸಾಲುಗಟ್ಟಬಹುದಿತ್ತು, ತಮಗೆ ಬೇಕಾದಾಗ ಮಾತ್ರ ಬಾಗಿಲು ತೆಗೆಯಬಹುದಿತ್ತು. ಕಪ್ಪು ಆನೆಗಳು ಇತ್ತ ಕಾಯುತ್ತಾ ಉಳಿದವು, ಕಾರ್ಪೋವ್ ಅತ್ತ ರಾಜನ ಕಡೆ ಪಾನ್ ತಳ್ಳಿ ಗೆದ್ದರು. ಎ7ರಲ್ಲಿ ಒಂಟೆ ಯಾವುದಕ್ಕೂ ಗುರಿ ಇಟ್ಟಿರಲಿಲ್ಲ. ಅದು ಮಾಡಿದ್ದು ಕಪ್ಪು ಆನೆಗಳ ಕೆಲಸ ಕಿತ್ತುಕೊಂಡದ್ದು.

ಮೂರನೆಯದು ಕಷ್ಟದ್ದು. ಒಂದು ಕಾಯಿಗೆ ಒಳ್ಳೆಯ ಮನೆ ಸಿಗುವುದಾದರೆ ಬೆಲೆ ಕೊಡಲು ತಯಾರಿದ್ದೀರಾ? 1953ರ ಜ್ಯೂರಿಚ್ ಕ್ಯಾಂಡಿಡೇಟ್ಸ್‌ನಲ್ಲಿ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ ಅವರ ನಡುವಣ ಪಾನ್‌ಗಳು ಕಪ್ಪನ್ನು ತುಳಿಯಲು ಸಿದ್ಧವಾಗಿದ್ದವು. ಪೆಟ್ರೋಸಿಯನ್ 25ನೇ ನಡೆಯಲ್ಲಿ ಆನೆಯನ್ನು ಇ7ರಿಂದ ಇ6ಕ್ಕೆ ಒಂದೇ ಮನೆ ಸರಿಸಿದರು. ಬಿಳಿ ಒಂಟೆ ಅದನ್ನು ತಿನ್ನಬಹುದು, ತಿನ್ನಲಿ. ಇ7 ಖಾಲಿಯಾಯಿತಲ್ವಾ, ಕುದುರೆ ಆ ಮನೆಯ ಮೂಲಕ ಡಿ5ಕ್ಕೆ ಹೋಗುತ್ತದೆ. ಡಿ5ರಲ್ಲಿ ಕೂತ ಕುದುರೆಯನ್ನು ಎಬ್ಬಿಸಲು ಬಿಳಿಗೆ ಪಾನ್ ಇಲ್ಲ. ಹಾಗೆಯೇ ಆಯಿತು. ಸೋಲಬಹುದಾಗಿದ್ದ ಆಟ ಡ್ರಾ ಆಯಿತು. ಖಾಲಿಯಾದ ಮನೆಯನ್ನು ನೋಡಿ ಎಂದು ಹಂತ 1ರಲ್ಲಿ ಹೇಳಿದೆ. ಇಲ್ಲಿ ಅದನ್ನೇ ತಮ್ಮ ಲಾಭಕ್ಕೆ ಬಳಸಿದ್ದಾರೆ.

ಹಂತ 6: ಕಾಯಿ ಬದಲಾಯಿಸಿಕೊಳ್ಳುವ ಮುನ್ನ ನಿಲ್ಲಿ

‘ಎಲ್ಲ ಕಾಯಿ ಹೋಗಿಬಿಟ್ಟರೆ ಡ್ರಾ ಆಗುತ್ತೆ’ ಎಂದು ಒತ್ತಡದಲ್ಲಿ ಎಲ್ಲರಿಗೂ ಅನ್ನಿಸುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕೈಬದಲಾದದ್ದು ಇಂಥ ಒಂದು ಕ್ಷಣದಲ್ಲಿ. 14ನೇ ಆಟ, ಕೊನೆಯದು. ಡಿಂಗ್ ಲಿರೆನ್ ಬಿಳಿ, ಡಿ. ಗುಕೇಶ್ ಕಪ್ಪು. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಎರಡು ಪಾನ್, ಡಿಂಗ್‌ಗೆ ಒಂದು. ಸರಿಯಾಗಿ ಕಾದುಕೊಂಡರೆ ಡ್ರಾ ಆಗುವ ಆಟ.

55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ‘ಆನೆ ಬದಲಾಯಿಸಿಕೊಳ್ಳೋಣ’ ಎಂದರು. ಗುಕೇಶ್ ತಿಂದರು, ಡಿಂಗ್ ರಾಜನಿಂದ ವಾಪಸ್ ತಿಂದರು. ಆಗ ಬಂತು ಕಪ್ಪು ಒಂಟೆ ಡಿ5ಕ್ಕೆ. ಬಿಳಿ ಒಂಟೆ ಮೂಲೆಯಲ್ಲಿ, ಎ8ರಲ್ಲಿತ್ತು. ಮೂಲೆಯ ಒಂಟೆಗೆ ಇರುವುದು ಒಂದೇ ಓರೆ ದಾರಿ. ಆ ದಾರಿಯಲ್ಲೇ ಕಪ್ಪು ಒಂಟೆ ಎದುರು ನಿಂತಿತು. ತಪ್ಪಿಸಿಕೊಳ್ಳಲು ಜಾಗ ಇಲ್ಲ, ಒಂಟೆಗಳೂ ಬದಲಾಗಲೇಬೇಕು. ಬದಲಾದ ಮೇಲೆ ಉಳಿಯುವುದು ರಾಜ ಮತ್ತು ಪಾನ್ ಮಾತ್ರ. ಅಲ್ಲಿ ಒಂದು ಪಾನ್ ಕಡಿಮೆ ಎಂದರೆ ಸೋಲು. ಕೊನೆಗೆ ಬಿಳಿ ರಾಜ ಇ3, ಕಪ್ಪು ರಾಜ ಇ5, ಎದುರುಬದುರು. ಆಡಬೇಕಾದ ಸರದಿ ಬಿಳಿಯದು. ಡಿಂಗ್ ಸೋಲೊಪ್ಪಿಕೊಂಡರು. 18 ವರ್ಷದ ಗುಕೇಶ್ 7.5–6.5ರಿಂದ ಚಾಂಪಿಯನ್ ಆದರು.

ಎಲ್ಲರೂ ಎಫ್2 ನಡೆಯನ್ನೇ ತಪ್ಪು ಎನ್ನುತ್ತಾರೆ. ಸರಿ. ಆದರೆ ನಾನು ಮಕ್ಕಳಿಗೆ ಎ8ರ ಒಂಟೆಯನ್ನು ತೋರಿಸುತ್ತೇನೆ. ಆನೆಗಳು ಇರುವವರೆಗೆ ಒಂಟೆ ಮೂಲೆಯಲ್ಲಿದ್ದರೂ ನಡೆಯುತ್ತಿತ್ತು. ಒಂಟೆ ಮಧ್ಯದಲ್ಲಿದ್ದರೆ ಆನೆ ಬದಲಾಯಿಸಿದರೂ ಇಷ್ಟು ಕೆಡುತ್ತಿರಲಿಲ್ಲ. ಎರಡು ಸಣ್ಣ ವಿಷಯ ಕೈಜೋಡಿಸಿದಾಗ ಆಟ ಹೋಯಿತು.

ಹಾಗಾಗಿ ಬದಲಾಯಿಸುವ ಮುನ್ನ ಹೀಗೆ ಮಾಡಿ. ಹೋಗುವ ಎರಡೂ ಕಾಯಿಗಳನ್ನು ಮನಸ್ಸಿನಲ್ಲೇ ಬೋರ್ಡಿನಿಂದ ತೆಗೆಯಿರಿ. ಉಳಿದದ್ದನ್ನು ನೋಡಿ. ಇನ್ನೊಂದು ಜೋಡಿಯನ್ನು ಬದಲಾಯಿಸಲು ಎದುರಾಳಿ ಬಲವಂತ ಮಾಡಬಹುದೇ? ಮಾಡಿದರೆ, ಬರೀ ಪಾನ್‌ಗಳ ಆಟದಲ್ಲಿ ಯಾರು ಗೆಲ್ಲುತ್ತಾರೆ?

ಈ ಕೊನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಕನಿಷ್ಠ ಒಂದು ಸ್ಥಿತಿ ಗೊತ್ತಿರಬೇಕು. ಬಿಳಿ ರಾಜ ಇ5, ಪಾನ್ ಇ4. ಕಪ್ಪು ರಾಜ ಇ7. ಬಿಳಿಯ ಸರದಿಯಾದರೆ ಡ್ರಾ. ಕಪ್ಪಿನ ಸರದಿಯಾದರೆ ಬಿಳಿಗೆ ಗೆಲುವು. ಕಪ್ಪು ಡಿ7ಕ್ಕೆ ಸರಿದರೆ ಬಿಳಿ ರಾಜ ಎಫ್6ಕ್ಕೆ ನುಗ್ಗುತ್ತದೆ. ಕಪ್ಪು ಇ8, ಬಿಳಿ ಇ6. ಕಪ್ಪು ಡಿ8, ಬಿಳಿ ಎಫ್7. ಇನ್ನು ಪಾನ್ ಓಡುತ್ತದೆ. ಇಬ್ಬರು ರಾಜರ ನಡುವೆ ಒಂದೇ ಮನೆ, ಸರದಿ ಬಂದವನು ದಾರಿ ಬಿಡಬೇಕು. ಇದನ್ನು ಇಬ್ಬರು ಕೂತು ಬಿಳಿ ಕಪ್ಪು ಬದಲಾಯಿಸಿಕೊಂಡು 10 ಸಲ ಆಡಿ. ಓದಿದರೆ ಬರುವುದಿಲ್ಲ, ಆಡಿದರೆ ಬರುತ್ತದೆ.

ಹಂತ 7: ಮನೆಯಲ್ಲಿ ಮಾಡುವ ಅಭ್ಯಾಸ

ಮುಗಿದ ಆಟವನ್ನು ಎಂಜಿನ್‌ಗೆ, ಅಂದರೆ ಸ್ಟಾಕ್‌ಫಿಶ್‌ನಂಥ ಚೆಸ್ ಸಾಫ್ಟ್‌ವೇರ್‌ಗೆ, ಕೊಡುವ ಮೊದಲು ನೀವೇ ಒಮ್ಮೆ ನೋಡಿ. ಇದರಲ್ಲಿ ನನಗೆ ರಾಜಿ ಇಲ್ಲ. ಸ್ಟಾಕ್‌ಫಿಶ್ ಕ್ಷಣದಲ್ಲಿ ಕೆಂಪು ಗುರುತು ಹಾಕಿಬಿಡುತ್ತದೆ. ಆದರೆ ಅದು ಹಾಕುವ ಕೆಂಪು ಗುರುತು ಬದು ಒಡೆದ ಜಾಗಕ್ಕೆ. ತೂತು ಬಿದ್ದದ್ದು ಅದಕ್ಕಿಂತ ನಾಲ್ಕೈದು ನಡೆ ಹಿಂದೆ ಇರುತ್ತದೆ.

ಒಂದು ನೋಟ್‌ಬುಕ್ ಇಡಿ. ಪ್ರತಿ ಸೋಲಿಗೆ ಮೂರೇ ಸಾಲು ಬರೆಯಿರಿ. ಆಟ ಯಾವ ನಡೆಯಲ್ಲಿ ಕೈತಪ್ಪಿತು. ಆ ತಪ್ಪು ಸಾಧ್ಯವಾಗಲು ಅದಕ್ಕೂ ಹಿಂದಿನ ಯಾವ ನಡೆ ಕಾರಣ. ಆ ಹಿಂದಿನ ನಡೆ ಆಡುವಾಗ ಏನು ಯೋಚಿಸುತ್ತಿದ್ದಿರಿ. ಮೂರನೇ ಸಾಲೇ ಮುಖ್ಯ, ನಾಳೆಗೆ ಬಿಟ್ಟರೆ ನೆನಪಿರುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಜಿ3 ಆಟದ ಮೂರನೇ ಸಾಲು ಹೀಗಿದೆ: ‘ಗೆದ್ದೆ ಅಂದುಕೊಂಡಿದ್ದೆ, ಕುದುರೆ ಕಡೆ ನೋಡಲಿಲ್ಲ.’ ಇಂಥ 20 ಆಟ ಬರೆದ ಮೇಲೆ ಒಟ್ಟಿಗೆ ಓದಿ. ಒಂದೇ ಮಾತು ಮತ್ತೆ ಮತ್ತೆ ಬಂದಿರುತ್ತದೆ. ನನ್ನ ವಿಷಯದಲ್ಲಿ ಅದು ಕುದುರೆ.

ಕುದುರೆ ಕಾಣದವರಿಗೆ ಹಳೆಯದೊಂದು ಅಭ್ಯಾಸವಿದೆ. ಖಾಲಿ ಬೋರ್ಡಿನಲ್ಲಿ ಒಂದೇ ಕುದುರೆ ಇಟ್ಟು, ಒಂದು ಮನೆಗೆ ಒಂದೇ ಸಲ ಎಂಬಂತೆ 64 ಮನೆಗಳನ್ನೂ ಮುಟ್ಟಿಸುವುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಕುದುರೆ ಓಟಗಳನ್ನು ಆಸೆಪಟ್ಟು ರಚಿಸಿದವರು. ಪೂರ್ತಿ 64 ಆಗದಿದ್ದರೂ ಚಿಂತೆಯಿಲ್ಲ. ದಿನಕ್ಕೆ 10 ನಿಮಿಷ ಪ್ರಯತ್ನ ಮಾಡಿ. ಮೂಲೆಗಳಿಂದ ಶುರು ಮಾಡಿ, ಅಂಚಿನ ಮನೆಗಳನ್ನು ಮೊದಲು ಮುಗಿಸಿ, ಅವೇ ಕೊನೆಗೆ ಉಳಿದು ಕಾಡುವುದು. ತಿಂಗಳೊಳಗೆ ಇ5ರ ಕುದುರೆ ಕಂಡ ಕೂಡಲೇ ಎಫ್3 ತಾನಾಗಿ ಕಾಣುತ್ತದೆ.

ಬೋರ್ಡಿನಲ್ಲಿ ಇಟ್ಟು ಬಿಡಿಸಿ

ರಿಚರ್ಡ್ ರೆಟಿ 1921ರಲ್ಲಿ ರಚಿಸಿದ ಸಮಸ್ಯೆ. ಬಿಳಿ ರಾಜ ಎಚ್8, ಪಾನ್ ಸಿ6. ಕಪ್ಪು ರಾಜ ಎ6, ಪಾನ್ ಎಚ್5. ಬಿಳಿಯ ಸರದಿ, ಡ್ರಾ ಮಾಡಬೇಕು. ಕಪ್ಪು ಪಾನ್ ಓಡಿಹೋಗಿದೆ, ಹಿಡಿಯಲಾಗದು. ನಿಮ್ಮ ಪಾನ್ ದೂರದಲ್ಲಿದೆ, ಕಾಯಲಾಗದು. ಮೊದಲ ನೋಟಕ್ಕೆ ಹಾಗನ್ನಿಸುತ್ತದೆ. ಮುಂದೆ ಓದುವ ಮೊದಲು ಅರ್ಧ ಗಂಟೆ ಕೂತು ನೋಡಿ.

ರಾಜ ಜಿ7ಕ್ಕೆ ಓರೆಯಾಗಿ ಇಳಿಯುತ್ತದೆ. ಕಪ್ಪು ಪಾನ್ ಎಚ್4. ರಾಜ ಎಫ್6. ಕಪ್ಪು ಪಾನ್ ಎಚ್3ಕ್ಕೆ ಓಡಿದರೆ ಬಿಳಿ ರಾಜ ಇ7ಕ್ಕೆ ಹೋಗಿ ತನ್ನ ಪಾನ್ ಅನ್ನು ದಾಟಿಸುತ್ತದೆ, ಇಬ್ಬರಿಗೂ ರಾಣಿ. ಅದಕ್ಕೇ ಕಪ್ಪು ರಾಜ ಬಿ6ಕ್ಕೆ ಬಂದು ಸಿ6ರ ಪಾನ್ ತಿನ್ನಲು ನೋಡುತ್ತದೆ. ಈಗ ಬಿಳಿ ರಾಜ ಇ5. ಇಲ್ಲೇ ನಿಂತು ಎರಡೂ ಕಡೆ ನೋಡಿ. ಕಪ್ಪು ಸಿ6ರ ಪಾನ್ ತಿಂದರೆ ಬಿಳಿ ರಾಜ ಎಫ್4ಕ್ಕೆ ಬಂದು ಎಚ್ ಸಾಲಿನ ಪಾನ್ ಅನ್ನು ಹಿಡಿಯುತ್ತದೆ. ಕಪ್ಪು ಎಚ್3 ಆಡಿದರೆ ಬಿಳಿ ರಾಜ ಡಿ6ಕ್ಕೆ ಬಂದು ತನ್ನ ಪಾನ್‌ಗೆ ಬೆನ್ನಾಗುತ್ತದೆ. ಎಚ್2, ಸಿ7, ಕಪ್ಪು ರಾಜ ಬಿ7, ಬಿಳಿ ರಾಜ ಡಿ7. ಇಬ್ಬರಿಗೂ ರಾಣಿ ಬರುತ್ತದೆ, ಡ್ರಾ.

ಈಗ ಕಾಯಿಗಳನ್ನು ಮತ್ತೆ ಜೋಡಿಸಿ, ಮನೆಯಲ್ಲಿ ಯಾರಾದರೂ ಸಿಕ್ಕರೆ ಅವರಿಗೆ ಬಿಳಿ ಕೊಟ್ಟು ಕೂರಿಸಿ.